ನಾಲ್ಕನೇ ಮಹಡಿಯ ಬಾಗಿಲು

ಒಂಬತ್ತನೆಯ ಕಂತು

“ಆರು, ಮೂರು, ಏಳು, ಎಂಟು, ನಾಲ್ಕು, ಆರು,” ಎಂದು ದಫೇದಾರರು ಓದಿದರು. “ಇನ್ನೊಂದ್ಸಲ ಓದ್ಲಾ ಮೇಡಂ?”

“ಓದಿ.”

ಅವರು ಕರವಸ್ತ್ರದಿಂದ ಮೀಟರಿನ ಗಾಜು ಒರೆಸಿದರು. ಕನ್ನಡಕವನ್ನು ಹಣೆಗೇರಿಸಿ, ಮಗ್ಗಿ ಒಪ್ಪಿಸುವವರ ಹಾಗೆ ಮತ್ತೆ ಒಂದೊಂದೇ ಅಂಕಿ ಹೇಳಿದರು. ಆರು ಲಕ್ಷದ ಮೂವತ್ತೇಳು ಸಾವಿರದ ಎಂಟುನೂರ ನಲವತ್ತಾರು.

ಲಾಯರಮ್ಮ ತಮ್ಮ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ನಿಂತಿದ್ದರು. ಅಲ್ಲಿ ಬರೆದುಕೊಂಡಿದ್ದ ಸಂಖ್ಯೆ ಬೇರೆ. ಆರು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರು.

ಆರು ಮಹಡಿಯ ಹಳೆಯ ಕಟ್ಟಡದ ತಾರಸಿಯ ಮೇಲಿದ್ದ ಲಿಫ್ಟ್ ಯಂತ್ರದ ಕೋಣೆ ಅದು. ತಗಡಿನ ಬಾಗಿಲು, ಗ್ರೀಸಿನ ವಾಸನೆ, ಮೂಲೆಯಲ್ಲಿ ಪಾರಿವಾಳದ ಪುಕ್ಕ. ಮಧ್ಯಾಹ್ನ ಮೂರರ ಬಿಸಿಲಿಗೆ ಒಳಗೆ ಕುದಿಯುತ್ತಿತ್ತು. ಕೋರ್ಟಿನ ಅನುಮತಿ ಪತ್ರ ನೋಡಿ ಸೀಲು ಬಿಚ್ಚಿಕೊಟ್ಟಿದ್ದ ಪೇದೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಫೋನ್ ನೋಡುತ್ತಿದ್ದ.

ಈ ಕಟ್ಟಡದಲ್ಲಿದ್ದ ಲೈಬ್ರರಿ ಮೇಡಂ ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಎಳೆದು, ಲಿಫ್ಟೇ ಇಲ್ಲದ ಕತ್ತಲೆಗೆ ಕಾಲಿಟ್ಟು ಸತ್ತು ಇಪ್ಪತ್ತಾರು ದಿನವಾಗಿತ್ತು; ಆ ಲಿಫ್ಟಿನ ಮೆಕ್ಯಾನಿಕ್ ಜೈಲು ಸೇರಿ ಇಪ್ಪತ್ತೈದು. ಅವನ ಕಡೆಯವರಿಗೆ ವಕೀಲರನ್ನು ಹಿಡಿಯುವ ತ್ರಾಣವಿರಲಿಲ್ಲ. ಹಾಗಾಗಿ ಅವನ ಕೇಸು ಉಚಿತ ಕಾನೂನು ನೆರವು ಕೇಂದ್ರಕ್ಕೆ ಬಂದಿತ್ತು. ಕೇಂದ್ರ ಅಂದರೆ ಇವರಿಬ್ಬರೇ. ಐವತ್ತೆರಡು ವರ್ಷದ ಲಾಯರಮ್ಮ, ಮತ್ತು ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಅವರಿಗೆ ನೆರವಾಗುತ್ತಿದ್ದ ದಫೇದಾರರು.

“ಈ ಮೀಟರ್ ಹಿಂದಕ್ಕೆ ಓಡುತ್ತಾ ದಫೇದಾರರೇ?”

“ನಮ್ಮ ಭಾವನ ಹಳೇ ಸ್ಕೂಟರಿಂದು ಓಡ್ತಿತ್ತು, ಮಾರೋ ಹಿಂದಿನ ದಿನ. ಇದು ಓಡಲ್ಲ. ಕಾರ್ಖಾನೆ ಸೀಲು ಹಾಗೇ ಇದೆ.”

ಲಾಯರಮ್ಮ ಗೋಡೆಗೆ ಒರಗಿದರು. ಬಿಳಿ ಸೀರೆಗೆ ಮಸಿ ಹತ್ತಿತು. ಅವರು ನೋಡಲೂ ಇಲ್ಲ.

ಲಿಫ್ಟ್ ಒಂದು ಸಲ ಅಲುಗಿದರೆ ಮೀಟರ್ ಒಂದು ಅಂಕಿ ಮುಂದಕ್ಕೆ ಹೋಗುತ್ತದೆ. ಮೆಕ್ಯಾನಿಕ್ ತಿಂಗಳಿಗೊಮ್ಮೆ ತಾರಸಿಗೆ ಹತ್ತಿ, ಯಂತ್ರ ನೋಡಿ, ಆ ಸಂಖ್ಯೆಯನ್ನು ಲಿಫ್ಟಿನ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಸಾವು ಆದ ದಿನ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಅವನು ಹಾಗೆ ಬರೆದು, ‘ಎಲ್ಲ ಸರಿಯಿದೆ’ ಎಂದು ಸಹಿ ಹಾಕಿದ್ದಾನೆ ಎಂಬುದೇ ಪೊಲೀಸರ ಇಡೀ ಕೇಸು. ಅಂದು ಆ ಕಟ್ಟಡದ ಕಡೆ ತಲೆಯನ್ನೇ ಹಾಕಿಲ್ಲ, ಆ ಸಹಿ ನನ್ನದಲ್ಲ ಎನ್ನುವುದು ಅವನ ಮಾತು. ಸಹಿ ಪರೀಕ್ಷೆಯ ವರದಿ ಬರಲು ಇನ್ನೂ ಆರು ತಿಂಗಳು.

“ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಮೂವತ್ತೊಂಬತ್ತು ಸಾವಿರದ ನೂರು,” ಲಾಯರಮ್ಮ ನಿಧಾನವಾಗಿ ಹೇಳಿದರು. “ಆಮೇಲೂ ಲೈಬ್ರರಿ ಮೇಡಂ ಬೀಳೋವರೆಗೆ, ಹನ್ನೊಂದು ಗಂಟೆ ತನಕ, ಲಿಫ್ಟ್ ಓಡಿದೆ. ಆಮೇಲೆ ಸೀಲು. ಈಗ ಮೂವತ್ತೇಳು ಸಾವಿರ ಚಿಲ್ಲರೆ ತೋರಿಸ್ತಿದೆ.”

“ಅಂದ್ರೆ ಬರೆದೋನು ಇಲ್ಲಿಗೆ ಹತ್ತಿ ಬಂದೇ ಇಲ್ಲ.”

“ಕೆಳಗೆ ಕೂತು ಅಂದಾಜಲ್ಲಿ ಬರೆದಿದ್ದಾನೆ. ತಿಂಗಳಿಗೆ ಎಂಟು ಸಾವಿರದ ಒಂಬೈನೂರರ ಹತ್ತಿರ ಓಡುತ್ತೆ. ಹಿಂದಿನ ತಿಂಗಳ ಸಂಖ್ಯೆಗೆ ಅದನ್ನ ಕೂಡಿಸಿದ್ದಾನೆ. ಸಾವಿರಕ್ಕೂ ಮೀರಿ ತಪ್ಪಿದ್ದಾನೆ. ಯಾಕೆ ತಪ್ಪಿದ?”

ಉತ್ತರ ಕೊಟ್ಟದ್ದು ಕಟ್ಟಡದ ಕಾವಲುಗಾರ. ಅವನು ಅಲ್ಲಿಯವರೆಗೆ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ.

“ಆ ತಿಂಗಳು ನಾಲ್ಕು ದಿನ ಲಿಫ್ಟ್ ಕೆಟ್ಟಿತ್ತಲ್ಲಮ್ಮಾ. ಎಲ್ಲಾರೂ ನನ್ನೇ ಬೈಯೋರು, ನಾನೇ ಅದನ್ನ ಜೇಬಲ್ಲಿ ಇಟ್ಕೊಂಡು ಓಡಾಡ್ತಿದೀನಿ ಅನ್ನೋ ಹಾಗೆ.”

“ಆಮೇಲೆ ಯಾರು ಸರಿ ಮಾಡಿದ್ರು?”

“ನಾಲ್ಕನೇ ದಿನ ಮೆಕ್ಯಾನಿಕ್ಕಣ್ಣ ಬಂದ. ನೋಡ್ದ, ಓಡೋ ಹಾಗೆ ಮಾಡ್ದ. ಪುಸ್ತಕ ಈಸ್ಕೊಂಡು ಏನೋ ಉದ್ದಕ್ಕೆ ಬರೆದ. ‘ಉಪಯೋಗಿಸಬೇಡಿ’ ಅಂತ ಫಲಕ ನೇತುಹಾಕಿ ಹೋದ. ಮಾರನೇ ದಿನ ಎರಡನೇ ಮಹಡಿ ಹಲ್ಲಿನ ಡಾಕ್ಟ್ರು ಫಲಕ ತೆಗೆಸಿ ಲಿಫ್ಟ್ ಚಾಲೂ ಮಾಡಿಸಿದ್ರು.”

“ಇದನ್ನ ಪೊಲೀಸರಿಗೆ ಹೇಳಿದ್ಯಾ?”

“ಅವರು ಕೇಳಲಿಲ್ಲ,” ಎಂದು ಅವನು ನೆಲ ನೋಡಿದ.

ಲಾಯರಮ್ಮ ಮೀಟರಿನ ಫೋಟೊ ತೆಗೆದರು. ಮೂರು ಸಲ ತೆಗೆದರು. ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

*

“ಲಿಫ್ಟಿನ ಕೇಸಿಗೆ ಮೆಟ್ಟಿಲೇ ಗತಿ,” ಎಂದು ಇಳಿಯುವಾಗ ದಫೇದಾರರು ಗೊಣಗಿದರು. ಲಾಯರಮ್ಮ ನಗಲಿಲ್ಲ. ಬಲ ಮೊಣಕಾಲು ಪ್ರತಿ ಮೆಟ್ಟಿಲಿಗೂ ತನ್ನ ಅಹವಾಲು ಹೇಳುತ್ತಿತ್ತು.

ನಾಲ್ಕನೇ ಮಹಡಿಯಲ್ಲಿ ಅವರು ನಿಂತರು. ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ಎರಡು ಪಟ್ಟಿ ಅಂಟಿಸಿದ್ದರು. ಎದುರಿಗೇ ಲೈಬ್ರರಿ ಮೇಡಂ ಮನೆ. ಕಾಲೊರೆಸುವ ಚಾಪೆ ಇನ್ನೂ ನೇರವಾಗಿ ಹಾಸಿತ್ತು. ಮೂವತ್ತೆರಡು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದ ಹೆಂಗಸು, ಒಂಟಿ ಜೀವ. ಬಿದ್ದಾಗ ಕೈಯಲ್ಲಿ ಮೂರು ಪುಸ್ತಕಗಳಿದ್ದವಂತೆ. ಎರಡನೇ ಮಹಡಿಯ ಮಕ್ಕಳಿಗೆ ಕೊಡಲು ಹೊರಟಿದ್ದರು.

ಎರಡನೇ ಮಹಡಿಯಲ್ಲಿ ದಂತವೈದ್ಯರ ಕ್ಲಿನಿಕ್. ಲವಂಗದೆಣ್ಣೆಯ ವಾಸನೆ ಮೆಟ್ಟಿಲಿಗೇ ಬರುತ್ತಿತ್ತು. ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರೇ ಕಾರ್ಯದರ್ಶಿ. ಕೊನೆಯ ರೋಗಿಯನ್ನು ಕಳಿಸಿ ಅವರು ಕೈ ತೊಳೆಯುತ್ತಿದ್ದರು. ನಲವತ್ತೈದರ ಆಸುಪಾಸು, ಬಿಳಿ ಕೋಟು, ಒಳ್ಳೆಯ ಹಲ್ಲುಗಳು.

“ಕೂತ್ಕೊಳ್ಳಿ ಮೇಡಂ. ಪೊಲೀಸರಿಗೆ ಎಲ್ಲಾ ಹೇಳಿದೀನಲ್ಲ.”

“ನನಗೂ ಒಂಚೂರು ಹೇಳಿ. ಲಿಫ್ಟಿನ ಪುಸ್ತಕ ಎಲ್ಲಿ ಇರ್ತಿತ್ತು?”

“ಇದೇ ಬೀರುವಲ್ಲಿ.”

“ಕೀಲಿ?”

“ನನ್ನ ಹತ್ರ. ಕಾರ್ಯದರ್ಶಿ ಅಂದ್ರೆ ಅಷ್ಟೇ ಮೇಡಂ, ಕೀಲಿಗೊಂಚಲು. ಬೇರೆ ಯಾರೂ ಒಪ್ಪಲಿಲ್ಲ ಅಂತ ನನ್ನ ತಲೆಗೆ ಕಟ್ಟಿದ್ರು.”

“ಇನ್ಯಾರಿಗೂ ಕೊಡ್ತಿರಲಿಲ್ಲ?”

“ಮೆಕ್ಯಾನಿಕ್ ಬಂದಾಗ ಅವನಿಗೆ. ಅಷ್ಟೇ.”

“ಹಾಗಾದ್ರೆ ಆವತ್ತು ಅದರಲ್ಲಿ ಸುಳ್ಳು ಬರೆದದ್ದು ನೀವೇ ಆಗ್ಬೇಕು.”

ದಂತವೈದ್ಯರು ಟವೆಲ್ ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಲಾಯರಮ್ಮ ದನಿ ಏರಿಸಲಿಲ್ಲ. ಏರಿಸುವಷ್ಟು ಶಕ್ತಿಯೂ ಇರಲಿಲ್ಲ. ಮೀಟರಿನ ಫೋಟೊ ತೋರಿಸಿದರು. ನೋಟ್‌ಬುಕ್ಕಿನ ಸಂಖ್ಯೆ ತೋರಿಸಿದರು. ಚಿಕ್ಕ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು.

“ನಾನು ಬರೆದಿಲ್ಲ,” ಎಂದರು ದಂತವೈದ್ಯರು. ಧ್ವನಿ ಇಳಿದಿತ್ತು.

“ಗೊತ್ತು. ನೀವು ಬರೆದಿದ್ರೆ ಆ ನಾಲ್ಕು ದಿನ ಕಳೆದು ಬರೀತಿದ್ರಿ. ಹಲ್ಲುನೋವು ಇಟ್ಕೊಂಡು ಮೆಟ್ಟಿಲು ಹತ್ತಿ ಬಂದೋರು ನಿಮಗೆ ಹಾಕಿದ ಶಾಪ ನಿಮಗೆ ಮರೆಯೋದಿಲ್ಲ. ಬರೆದೋನು ಈ ಕಟ್ಟಡದವನಲ್ಲ. ಲಿಫ್ಟ್ ನಿಂತಿದ್ದು ಅವನಿಗೆ ನೆನಪೇ ಆಗಿಲ್ಲ. ಈಗ ಹೇಳಿ, ಪುಸ್ತಕ ಯಾರಿಗೆ ಕೊಟ್ರಿ?”

ದಂತವೈದ್ಯರು ಟವೆಲ್ ಮಡಚಿಟ್ಟರು. ಹೊರಗೆ ಕಾಯುವ ಕೋಣೆಯಲ್ಲಿ ದಫೇದಾರರು ಕೆಮ್ಮಿದ್ದು ಕೇಳಿಸಿತು.

“ಸರಿ. ನಾನೇ ಇನ್ನೊಂದು ವಿಷಯ ಹೇಳ್ತೀನಿ,” ಎಂದರು ಲಾಯರಮ್ಮ. “ನಿನ್ನೆ ಕೋರ್ಟಿನಲ್ಲಿ ಜಪ್ತಿ ಮಾಡಿದ ಸಾಮಾನಿಡೋ ಕೋಣೆಗೆ ಹೋಗಿ ಆ ಪುಸ್ತಕ ನೋಡಿದೆ. ಕೈಗೆತ್ತಿಕೊಂಡ ತಕ್ಷಣ ಹಿಂದಿನಿಂದ ಒಂದು ಖಾಲಿ ಹಾಳೆ ಮಡಿಲಿಗೆ ಬಿತ್ತು. ಹೊಲಿದ ಪುಸ್ತಕ ಡಾಕ್ಟ್ರೇ. ಎರಡೆರಡು ಹಾಳೆ ಜೋಡಿ. ಮುಂದಿನ ಹಾಳೆ ಕಿತ್ತರೆ ಹಿಂದಿರೋ ಅದರ ಜೋಡಿ ಸಡಿಲ ಆಗುತ್ತೆ. ಯಾರೋ ಮುಂದಿನಿಂದ ಒಂದು ಹಾಳೆ ಎತ್ತಿದ್ದಾರೆ.”

ದಂತವೈದ್ಯರು ಮತ್ತೆ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದರು. ತೊಳೆದ ಕೈಯನ್ನೇ ತೊಳೆಯುತ್ತಿದ್ದರು.

“ಲಿಫ್ಟ್ ಕಂಪನಿ ಸೂಪರ್‌ವೈಸರ್ ಬಂದಿದ್ರು,” ಎಂದರು, ಬೆನ್ನು ತಿರುಗಿಸಿಕೊಂಡೇ. “ಆವತ್ತೇ, ಹನ್ನೆರಡು ಗಂಟೆಗೆ. ಆಂಬ್ಯುಲೆನ್ಸ್ ಇನ್ನೂ ಹೋಗಿರಲಿಲ್ಲ. ‘ಸುಮ್ನೆ ಒಂದು ಸಲ ಪುಸ್ತಕ ನೋಡ್ಬೇಕು ಡಾಕ್ಟ್ರೇ’ ಅಂದ್ರು. ಕಾರಿಗೆ ತಗೊಂಡು ಹೋದ್ರು. ಎರಡು ಗಂಟೆ ಬಿಟ್ಟು ತಂದುಕೊಟ್ರು. ಪೊಲೀಸರು ಪುಸ್ತಕ ಕೇಳಿದ್ದು ಸಂಜೆಗೆ.”

“ವಾಪಸ್ ಬಂದ ಮೇಲೆ ನೀವು ತೆರೆದು ನೋಡಿದ್ರಾ?”

“ನೋಡಿದೆ.”

“ಮೆಕ್ಯಾನಿಕ್ ಬರೆದಿದ್ದ ಎಚ್ಚರಿಕೆ ಇತ್ತಾ?”

“ಇರಲಿಲ್ಲ.”

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂಬುದು ಅವರಿಗೆ ಹೊಳೆಯಿತು. ನಲ್ಲಿ ನಿಲ್ಲಿಸಿದರು.

“ಅಂದ್ರೆ ಅದಕ್ಕೆ ಮುಂಚೆ ಇತ್ತು,” ಎಂದರು ಲಾಯರಮ್ಮ. “ಏನಂತ ಬರೆದಿದ್ದ?”

ದಂತವೈದ್ಯರು ನಡೆದು ಬಂದು, ಬೇರೆ ಕುರ್ಚಿಗಳಿದ್ದರೂ, ರೋಗಿಗಳನ್ನು ಮಲಗಿಸುವ ಕುರ್ಚಿಯ ಅಂಚಿನಲ್ಲೇ ಕುಸಿದು ಕೂತರು.

“ನಾಲ್ಕನೇ ಮಹಡಿ ಬಾಗಿಲಿನ ಲಾಕ್ ಸವೆದಿದೆ, ಲಿಫ್ಟ್ ಇಲ್ಲದಿದ್ರೂ ತೆರೆಯುತ್ತೆ, ಬದಲಿಸೋವರೆಗೆ ಓಡಿಸಬೇಡಿ ಅಂತ. ನಾನು ಸೂಪರ್‌ವೈಸರಿಗೆ ಫೋನ್ ಮಾಡಿ ಕೇಳಿದೆ ಮೇಡಂ. ‘ಅವನೊಬ್ಬ ಪುಕ್ಕಲ, ನೀವು ಓಡಿಸಿ, ಮುಂದಿನ ತಿಂಗಳು ನೋಡೋಣ’ ಅಂದ್ರು. ಫಲಕ ತೆಗೆಸಿದೆ. ಎಲ್ಲಾರೂ ನನ್ನ ಜೀವ ತಿಂತಿದ್ರು. ಲೈಬ್ರರಿ ಮೇಡಮ್ಮೇ ಬಂದು ಕೇಳಿದ್ರು. ಮಂಡಿ ನೋವು, ಇಳಿಯೋಕಾಗಲ್ಲ, ಒಂದು ವ್ಯವಸ್ಥೆ ಮಾಡಪ್ಪಾ ಅಂತ.”

ಗಾಜಿನ ಕಪಾಟಿನಲ್ಲಿ ಪ್ಲಾಸ್ಟರಿನ ಹಲ್ಲುಸೆಟ್ಟುಗಳು ಸಾಲಾಗಿ ಕೂತಿದ್ದವು.

“ಇಷ್ಟನ್ನೇ ಒಂದು ಹಾಳೆ ಮೇಲೆ ಬರೆದು ಸಹಿ ಹಾಕಿ ಕೊಡಿ.”

“ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ ಮೇಡಂ.”

“ಅವನಿಗೂ ಒಬ್ಬಳಿದ್ದಾಳೆ. ಆರು ವರ್ಷ.”

ದಂತವೈದ್ಯರು ಮುಖ ಒರೆಸಿಕೊಂಡರು. “ಬರೆದುಕೊಡೋದು ಬೇಡ. ಸೋಮವಾರ ಕೋರ್ಟಿಗೇ ಬರ್ತೀನಿ. ಜಡ್ಜ್ ಮುಂದೇನೇ ಹೇಳ್ತೀನಿ. ಮಾತು ಕೊಡ್ತೀನಿ.”

ಕೇಂದ್ರದ ಕೆಲಸದ ಹದಿಮೂರು ವರ್ಷದಲ್ಲಿ ಈ ಮಾತನ್ನು ಎಷ್ಟು ಜನ ಕೊಟ್ಟಿದ್ದರೋ. ಲಾಯರಮ್ಮ ತಲೆಯಾಡಿಸಿ ಎದ್ದರು. ಬಲವಂತಕ್ಕೆ ಬರೆಸಿಕೊಂಡ ಕಾಗದ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

*

ಕೇಂದ್ರಕ್ಕೆ ಮರಳಿದಾಗ ಸಂಜೆ ಐದು. ಕೋರ್ಟಿನ ಹಿಂಬದಿಯಲ್ಲಿ, ಮೊದಲು ಹಳೆಯ ಕಡತ ತುಂಬಿಡುತ್ತಿದ್ದ ಎರಡು ಕೋಣೆಗಳು. ಬಾಗಿಲ ಮೇಲೆ ‘ಉಚಿತ ಕಾನೂನು ನೆರವು’ ಎಂಬ ಹಲಗೆ. ಉದ್ದ ಬೆಂಚಿನ ಮೇಲೆ ಹನ್ನೊಂದು ಜನ ಕಾಯುತ್ತಿದ್ದರು.

ಪಿಂಚಣಿ ಕಾಗದದಲ್ಲಿ ತನ್ನ ಹೆಸರಿಗೆ ಬದಲು ಸತ್ತ ಅಣ್ಣನ ಹೆಸರು ಬಿದ್ದಿದೆ ಎನ್ನುವ ಮುದುಕ. “ಆಫೀಸಿನವರ ಪ್ರಕಾರ ನಾನು ಸತ್ತು ಎರಡು ವರ್ಷ ಆಯ್ತಂತೆ ತಾಯಿ. ನನಗೇ ಹೇಳಿಲ್ಲ.” ಗಂಡ ಮನೆಯಿಂದ ಹೊರಗೆ ಹಾಕಿ ಬೀಗ ಜಡಿದ ಹೆಂಗಸು, ಇಸ್ತ್ರಿ ಮಾಡಿದ ಒಂದೇ ಸೀರೆಯಲ್ಲಿ. ಕಾರ್ಖಾನೆಯಲ್ಲಿ ಎರಡು ಬೆರಳು ಕಳೆದುಕೊಂಡು, ಅದು ತನ್ನದೇ ತಪ್ಪು ಎಂದು ಹೆಬ್ಬೆಟ್ಟು ಒತ್ತಿ ಬಂದವನು. ಲಾಯರಮ್ಮ ಒಬ್ಬೊಬ್ಬರನ್ನೇ ಕೇಳಿದರು, ಬರೆದುಕೊಂಡರು. ಈ ಕೆಲಸಕ್ಕೆ ಕೊನೆಯಿಲ್ಲ ಎನ್ನುವುದು ಅವರಿಗೆ ಬೇಸರ ತಂದಿರಲಿಲ್ಲ. ನಿದ್ದೆಗಿಂತ ಆಳವಾದ ಏನೋ ಒಂದು ಬೇಕು ಅನ್ನಿಸುತ್ತಿತ್ತು, ಅಷ್ಟೇ.

ಕೊನೆಯವಳು ಮೆಕ್ಯಾನಿಕ್‌ನ ಹೆಂಡತಿ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮುಂಗೈ ಮೇಲೆ ಹೊಸ ಸುಟ್ಟ ಗಾಯ.

“ಏನಮ್ಮಾ ಇದು?”

“ಕೈ ಇಲ್ಲಿ, ಮನಸ್ಸು ಅಲ್ಲಿ ಅಕ್ಕಾ. ಇಸ್ತ್ರಿ ಪೆಟ್ಟಿಗೆಗೆ ಅದೆಲ್ಲ ಗೊತ್ತಾಗಲ್ಲ.” ಅವಳು ಸೆರಗಿನಲ್ಲಿ ಗಾಯ ಮುಚ್ಚಿದಳು. “ನಿನ್ನೆ ನೋಡೋಕೆ ಬಿಟ್ರು. ನಮ್ಮನೆಯವರು ಏನು ಹೇಳಿದ್ರು ಗೊತ್ತಾ? ಮಗಳನ್ನ ಮೆಟ್ಟಿಲ ಮೇಲೆ ಓಡೋಕೆ ಬಿಡಬೇಡ ಅಂತ. ಊರಿಗೆಲ್ಲಾ ಲಿಫ್ಟ್ ರಿಪೇರಿ ಮಾಡೋರು, ನಮ್ಮನೆ ಮಾತ್ರ ಲಿಫ್ಟಿಲ್ಲದ ಮೂರನೇ ಮಹಡಿ.”

ಇಬ್ಬರೂ ಸ್ವಲ್ಪ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಲಾಯರಮ್ಮ ಅವಳಿಗೆ ಮೀಟರಿನ ವಿಷಯ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ಬಿಟ್ಟುಬಿಡ್ತಾರಾ?” ಎಂದಳು.

“ಅಷ್ಟು ಸಲೀಸಲ್ಲ. ಹಳೇ ಲಿಫ್ಟ್ ಕಿತ್ತು ಹೊಸದು ಹಾಕ್ತೀವಿ, ಸೀಲು ತೆಗೆಸಿ ಅಂತ ಕಂಪನಿ ಅರ್ಜಿ ಹಾಕಿದೆ. ಸೋಮವಾರ ಅದೂ ಬರುತ್ತೆ, ನಿನ್ನ ಗಂಡನ ಜಾಮೀನೂ ಬರುತ್ತೆ. ಸೀಲು ಹೋದ್ರೆ ಮೀಟರ್ ಗುಜರಿಗೆ. ಆಮೇಲೆ ನನ್ನ ಫೋನಿನ ಫೋಟೊ ಯಾರೂ ನಂಬಲ್ಲ. ಮೊದಲು ಮೀಟರ್ ಉಳಿಸ್ಕೊಳ್ಳೋಣ.”

ಅವಳು ಎದ್ದು ಹೋದಮೇಲೆ ದಫೇದಾರರು ಕಿಟಕಿ ಮುಚ್ಚಿದರು.

“ನಾಳೆ ಭಾನುವಾರ ಮಲಗಿ ಮೇಡಂ. ಮುಖ ನೋಡೋಕಾಗ್ತಿಲ್ಲ.”

“ನಿಮ್ಮದೇನು ಕಡಿಮೆಯಾ?”

“ನಂದು ಹುಟ್ಟಿದಾಗಿಂದ ಹೀಗೇ,” ಎಂದು ಅವರು ಬೀಗ ಹುಡುಕತೊಡಗಿದರು.

*

ಸೋಮವಾರ ಹತ್ತೂವರೆಗೆ ಕೋರ್ಟಿನ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ದಂತವೈದ್ಯರು ಬಂದಿರಲಿಲ್ಲ. ಎರಡು ಸಲ ಫೋನ್ ಮಾಡಿದಾಗ ಗಂಟೆ ಹೋಯಿತು. ಮೂರನೇ ಸಲಕ್ಕೆ ಆಫ್ ಆಗಿತ್ತು.

“ಎಷ್ಟು ಸೊರಗಿದೀಯಮ್ಮಾ. ಊಟ ಮಾಡ್ತೀಯೋ ಇಲ್ವೋ?”

ಲಾಯರಮ್ಮ ತಿರುಗಿದರು. ದೊಡ್ಡ ವಕೀಲರು. ಕೋರ್ಟಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ. ಬೆಳ್ಳಿ ಕೂದಲು, ಮಡಿಕೆ ಮುರಿಯದ ಕರಿಕೋಟು, ಹಿಂದೆ ಇಬ್ಬರು ಕಿರಿಯ ವಕೀಲರು. ಲಾಯರಮ್ಮ ಮೊದಲ ಆರು ವರ್ಷ ಕೆಲಸ ಕಲಿತದ್ದು ಅವರ ಕಚೇರಿಯಲ್ಲೇ. ನೆರವು ಕೇಂದ್ರದ ಅಧ್ಯಕ್ಷರೂ ಅವರೇ. ವರ್ಷಕ್ಕೊಮ್ಮೆ ಫೋಟೊಗೆ ಬರುತ್ತಿದ್ದರು. ಇಂಥ ಸಣ್ಣ ಕೋರ್ಟಿನಲ್ಲಿ ಅವರ ಮುಖ ಕಂಡು ಹತ್ತು ವರ್ಷವಾದರೂ ಆಗಿತ್ತು.

“ಸಾರ್, ನೀವು ಇಲ್ಲಿ?”

“ಬಡವರ ಕೆಲಸ ಎಲ್ಲಾ ನೀನೊಬ್ಬಳೇ ಮಾಡಿದ್ರೆ ಹೇಗೆ? ನಮಗೂ ಸ್ವಲ್ಪ ಪುಣ್ಯ ಬೇಡ್ವಾ?” ಅವರು ಮೆಲ್ಲಗೆ ನಕ್ಕರು. “ಆ ಲಿಫ್ಟ್ ಹುಡುಗನಿಗೆ ನಾನೇ ನಿಲ್ತಿದೀನಿ. ಉಚಿತವಾಗಿ. ತಪ್ಪು ಒಪ್ಪಿಕೊಳ್ತಾನೆ. ಸಣ್ಣ ಕಲಮಿಗೆ ಇಳಿಸೋಕೆ ಸರ್ಕಾರಿ ವಕೀಲರು ಒಪ್ಪಿದ್ದಾರೆ. ಒಂದೂವರೆ ವರ್ಷದಲ್ಲಿ ಹೊರಗೆ. ಎಲ್ಲಾರಿಗೂ ಒಳ್ಳೇದು.”

“ಅವನು ತಪ್ಪು ಮಾಡಿಲ್ಲ ಸಾರ್. ನನ್ನ ಹತ್ರ ಆಧಾರ ಇದೆ.”

“ನೀನು ದಣಿದಿದೀಯ,” ಎಂದರು ಅವರು. ಮಾತಿನಲ್ಲಿ ಕಪಟ ಇದ್ದಹಾಗೆ ಕಾಣಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. “ಒಂದು ತಿಂಗಳು ರಜೆ ತಗೋ.”

ಅವರು ಒಳಗೆ ಹೋದರು. ತೆರೆದ ಬಾಗಿಲಿನಿಂದ ಲಾಯರಮ್ಮನಿಗೆ ಮೂರನೇ ಸಾಲು ಕಂಡಿತು. ಲಿಫ್ಟ್ ಕಂಪನಿಯ ಸೂಪರ್‌ವೈಸರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ದೊಡ್ಡ ವಕೀಲರು ಹಾದುಹೋಗುವಾಗ ಅವನು ಎದ್ದು ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡಿಕೊಂಡರು.

ಆರೋಪಿಗಳನ್ನು ಕೂರಿಸುವ ಕಲ್ಲುಬೆಂಚು ವರಾಂಡದ ತುದಿಯಲ್ಲಿತ್ತು. ಮೆಕ್ಯಾನಿಕ್ ಇಬ್ಬರು ಪೇದೆಗಳ ನಡುವೆ ಕೂತಿದ್ದ. ಇಪ್ಪತ್ತೇಳು ದಿನದಲ್ಲಿ ಅಂಗಿ ಎರಡಳತೆ ದೊಡ್ಡದಾಗಿತ್ತು. ಲಾಯರಮ್ಮನನ್ನು ಕಂಡು ಅವನು ಎದ್ದು ನಿಂತ, ಆದರೆ ಮುಖ ನೋಡಲಿಲ್ಲ.

“ಐದು ನಿಮಿಷ,” ಎಂದು ಅವರು ಪೇದೆಗೆ ಹೇಳಿ ಅವನ ಪಕ್ಕ ಕೂತರು. “ತಪ್ಪು ಒಪ್ಪಿಕೊಳ್ತೀಯಂತೆ?”

“ಹೂಂ ಅಂದಿದೀನಿ.”

“ಯಾಕೆ? ಮೀಟರ್ ನೋಡಿ ಬಂದೆ ಕಣಪ್ಪಾ. ನೀನು ಹೇಳಿದ್ದೆಲ್ಲಾ ನಿಜ. ನೀನು ಬರೆದ ಎಚ್ಚರಿಕೆ ಓದಿದೋರು ಸಿಕ್ಕಿದ್ದಾರೆ.”

ಈಗ ಅವನು ಮುಖ ಎತ್ತಿದ. ಕಣ್ಣಲ್ಲಿ ಗಾಬರಿ.

“ಮತ್ತೆ ನೀವು ಕೇಸು ಬಿಟ್ಟಿದ್ದು ಯಾಕೆ?”

“ನಾನೆಲ್ಲಿ ಬಿಟ್ಟೆ?”

“ನೀವೇ ಹೇಳಿ ಕಳಿಸಿದ್ರಲ್ಲಮ್ಮಾ. ಇನ್ನು ಈ ಕೇಸಲ್ಲಿ ಏನೂ ಉಳಿದಿಲ್ಲ, ನನ್ನ ಕೈಲಿ ಆಗಲ್ಲ, ದೊಡ್ಡೋರಿಗೆ ಒಪ್ಪಿಸಿದೀನಿ, ಅವರು ಹೇಳಿದ ಕಡೆ ಸಹಿ ಹಾಕು ಅಂತ. ಒಪ್ಪಿಕೊಂಡ್ರೆ ಮಗಳು ಎರಡನೇ ಕ್ಲಾಸು ಮುಗಿಸೋ ಹೊತ್ತಿಗೆ ಮನೇಲಿರ್ತೀಯಾ ಅಂತ.”

“ಯಾರು ಬಂದು ಹೇಳಿದ್ರು?”

ಅವನು ವರಾಂಡದ ಆಚೆ ನೋಡಿದ.

“ದಫೇದಾರಣ್ಣ. ನಿನ್ನೆ ಜೈಲಿಗೆ ಬಂದಿದ್ರು. ಅವರು ಬರದೆ ಬೇರೆ ಯಾರು ಬಂದಿದ್ರೂ ನಾನು ಸಹಿ ಹಾಕ್ತಿರಲಿಲ್ಲ. ಕಾಗದದಲ್ಲಿ ನಿಮ್ಮ ಸಹಿನೂ ಇತ್ತು.”

ಲಾಯರಮ್ಮ ಎದ್ದು ನಿಂತರು. ಕೋರ್ಟ್ ಕೋಣೆಯ ಕೊನೆಯ ಬೆಂಚಿನಲ್ಲಿ ದಫೇದಾರರು ಕೂತಿದ್ದರು, ಮಡಿಲಲ್ಲಿ ಕ್ಯಾನ್ವಾಸ್ ಚೀಲ. ಬೆಳಗ್ಗೆ ಅವರೇ ಅದನ್ನು ಹೊತ್ತು ಜೊತೆಯಲ್ಲಿ ನಡೆದು ಬಂದಿದ್ದರು. ದಾರಿಯುದ್ದಕ್ಕೂ ಒಂದು ಮಾತೂ ಆಡಿರಲಿಲ್ಲ. ಈಗ ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು.

ಹತ್ತಿರ ಹೋಗಲು ಸಮಯ ಸಿಗಲಿಲ್ಲ. ಒಳಗಿನಿಂದ ಕೇಸಿನ ನಂಬರು ಕೂಗಿದರು.

ದೊಡ್ಡ ವಕೀಲರು ಎದ್ದು, ಎರಡೇ ವಾಕ್ಯದಲ್ಲಿ ವಿಷಯ ಹೇಳಿ, ಹೊಸ ವಕಾಲತ್ತು ಕೊಟ್ಟರು. ನ್ಯಾಯಾಧೀಶರು ಅದನ್ನು ತಿರುವಿ ನೋಡಿದರು. ಅವರೂ ದಣಿದವರೇ. ಮೇಜಿನ ಮೇಲೆ ಅಂದಿನ ಅರವತ್ತು ಕಡತಗಳಿದ್ದವು.

“ಆರೋಪಿ ಪರ ಇದ್ದದ್ದು ನೀವಲ್ವಾ?” ಎಂದು ಅವರು ಲಾಯರಮ್ಮನನ್ನು ಕೇಳಿದರು.

“ಈಗಲೂ ನಾನೇ ಸ್ವಾಮಿ. ಈ ಬದಲಾವಣೆಗೆ ನನ್ನ ಒಪ್ಪಿಗೆ ಇಲ್ಲ.”

“ಆದರೆ ಇಲ್ಲಿ ‘ನನ್ನ ಆಕ್ಷೇಪಣೆ ಇಲ್ಲ’ ಅಂತ ಸಹಿ ಇದೆ. ಬಂದು ನೋಡಿ.”

ಲಾಯರಮ್ಮ ಮುಂದೆ ಹೋಗಿ ಕಾಗದ ತೆಗೆದುಕೊಂಡರು.

ಸಹಿ ಅವರದೇ. ಸಂದೇಹಕ್ಕೆ ಎಡೆಯೇ ಇರಲಿಲ್ಲ. ಕೊನೆಯ ಅಕ್ಷರದ ಬಾಲ ಗೆರೆಯಿಂದ ಕೆಳಗಿಳಿದಿತ್ತು, ಮಾತಾಡುತ್ತಾ ಅವಸರದಲ್ಲಿ ಹಾಕಿದಾಗ ಇಳಿಯುವ ಹಾಗೆ. ಪ್ರತಿ ಬುಧವಾರ ಕೇಂದ್ರದ ಬೆಂಚು ತುಂಬಿರುವಾಗ ದಫೇದಾರರು ಪಕ್ಕದಿಂದ ಒಂದೊಂದೇ ಕಾಗದ ಸರಿಸುತ್ತಿದ್ದರು. ಎದುರಿಗಿದ್ದವರ ಗೋಳು ಕೇಳುತ್ತಲೇ ಅವರು ಬೆರಳು ತೋರಿಸಿದ ಕಡೆ ಇವರು ಸಹಿ ಹಾಕುತ್ತಿದ್ದರು. ನಲವತ್ತು, ಐವತ್ತು. ಒಂದನ್ನೂ ಓದಿರಲಿಲ್ಲ. ಓದಬೇಕು ಎಂದು ಅನ್ನಿಸಿರಲೇ ಇಲ್ಲ.

“ಸಹಿ ನಿಮ್ಮದೇನಾ?” ನ್ಯಾಯಾಧೀಶರು ಕೇಳಿದರು.

ಹೌದು ಎಂದರೆ ಇಲ್ಲಿಗೆ ಮುಗಿಯಿತು. ಮೆಕ್ಯಾನಿಕ್ ತಪ್ಪು ಒಪ್ಪಿಕೊಳ್ಳುತ್ತಾನೆ, ಸಂಜೆಯೊಳಗೆ ಸೀಲು ಒಡೆಯುತ್ತದೆ, ಮೀಟರ್ ಗುಜರಿಯವನ ತಕ್ಕಡಿಗೆ ಬೀಳುತ್ತದೆ. ಅಲ್ಲ ಎಂದರೆ ಅದು ಕೋರ್ಟಿನಲ್ಲಿ ನಿಂತು ಹೇಳಿದ ಸುಳ್ಳು, ಮತ್ತು ಸಹಿ ನಕಲು ಮಾಡಿದವನೆಂದು ಹಿಂದಿನ ಬೆಂಚಿನ ಮನುಷ್ಯ ಕೈಕೋಳ ತೊಡಬೇಕು. ಓದದೆ ಹಾಕಿದೆ ಎಂದು ನಿಜ ಹೇಳಿದರೆ, ಹಾಗೆ ಓದದೆ ಹಾಕಿದ ಸಹಿಗಳ ಮೇಲೆ ನಿಂತ ನೂರಾರು ಬಡವರ ಅರ್ಜಿಗಳನ್ನು ನಾಳೆಯಿಂದ ಒಂದೊಂದಾಗಿ ಎತ್ತಿ ಹೊರಗೆ ಹಾಕುತ್ತಾರೆ. ದೊಡ್ಡ ವಕೀಲರು ಅದನ್ನೇ ಕಾಯುತ್ತಿದ್ದಾರೆ ಎನ್ನುವುದು ಅವರು ನೋಡುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು.

“ಕೇಳಿಸ್ತಾ? ನಿಮ್ಮದೇನಾ ಇದು?”

ಲಾಯರಮ್ಮ ಬಾಯಿ ತೆರೆದರು.

ಹಿಂದೆ ಬೆಂಚು ಸರಿದ ಸದ್ದಾಯಿತು. ಚೀಲ ನೆಲಕ್ಕೆ ಬಿತ್ತು.

“ಅವರನ್ನ ಕೇಳಬೇಡಿ ಸ್ವಾಮಿ,” ಎಂದಿತು ದಫೇದಾರರ ದನಿ. ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಮನುಷ್ಯ, ಆದರೂ ದನಿ ಒಡೆಯುತ್ತಿತ್ತು. “ಆ ಕಾಗದ ಯಾರು ಕೊಟ್ರು, ಯಾಕೆ ತಗೊಂಡೆ ಅಂತ ನನ್ನ ಕೇಳಿ. ಆದ್ರೆ ಅದಕ್ಕೆ ಮುಂಚೆ ಆ ಬಾಗಿಲು ಹಾಕ್ಸಿ. ಸೂಪರ್‌ವೈಸರ್ ಎದ್ದು ಹೋಗ್ತಿದ್ದಾರೆ.”